ಆರ್ಕೇಡ್ ಫೈಟಿಂಗ್ ಆಟ ಮನೆಯ ಕನ್ಸೋಲ್‌ನಲ್ಲಿ ಬೇರೆಯಾಗಿ ನಡೆದಾಗ: ದೋಷ ನಿವಾರಣೆ ಕೈಪಿಡಿ

ಆರ್ಕೇಡ್ ಯಂತ್ರದಲ್ಲಿ ಆಡಿ ಕೈ ಪಳಗಿದ ಫೈಟಿಂಗ್ ಆಟವನ್ನು ಮನೆಯ ಕನ್ಸೋಲ್‌ನಲ್ಲಿ ಹಾಕಿದಾಗ ಏನೋ ಸರಿಯಿಲ್ಲ ಎನಿಸುವುದು ಸಾಮಾನ್ಯ. ಹೊಡೆತ ತಡವಾಗಿ ಬೀಳುತ್ತದೆ, ಪಾತ್ರಗಳು ಕುಳ್ಳಗಾಗಿ ಕಾಣುತ್ತವೆ, ರಕ್ತ ಚಿಮ್ಮಬೇಕಾದ ಕಡೆ ಬೂದು ಹನಿಗಳು ಹಾರುತ್ತವೆ, ಪರಿಚಿತ ಎದುರಾಳಿಯ ಮೇಲೆ ಬೇರೊಬ್ಬನ ಹೆಸರು ಅಂಟಿಕೊಂಡಿರುತ್ತದೆ. ಇವುಗಳಲ್ಲಿ ಕೆಲವು ಮಾತ್ರ ನಿಜವಾದ ದೋಷಗಳು. ಕೆಲವು ಹೊಸ ಯಂತ್ರದ ಮಿತಿಗಳಾದರೆ, ಇನ್ನು ಕೆಲವು ಆಟವನ್ನು ಬೇರೆ ದೇಶಕ್ಕೆ ಹೊಂದಿಸಿದವರು ಬೇಕೆಂದೇ ಮಾಡಿದ ಬದಲಾವಣೆಗಳು. ಸ್ಕ್ರೂ ಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಈ ಮೂರನ್ನು ಬೇರ್ಪಡಿಸಿಕೊಳ್ಳಬೇಕು, ಏಕೆಂದರೆ ಮೊದಲನೆಯದನ್ನು ಮಾತ್ರ ದುರಸ್ತಿ ಮಾಡಲು ಸಾಧ್ಯ. ನಾನೇ ಒಮ್ಮೆ ಒಂದು ಪ್ಯಾಡನ್ನು ಎರಡು ಸಲ ಬಿಚ್ಚಿ ಒಳಗಿನ ರಬ್ಬರನ್ನೂ ಬದಲಿಸಿದ ಮೇಲೆ, ತೊಂದರೆಯಿದ್ದದ್ದು ಪ್ಯಾಡಿನಲ್ಲಲ್ಲ, ಕನ್ಸೋಲ್ 50 ಹರ್ಟ್ಜ್‌ನದಾಗಿದ್ದರಲ್ಲಿ, ಅಂದರೆ ಸೆಕೆಂಡಿಗೆ 50 ಸಲ ಮಾತ್ರ ಪರದೆಯನ್ನು ಬರೆಯುತ್ತಿದ್ದರಲ್ಲಿ, ಎಂಬುದನ್ನು ಕಂಡುಕೊಂಡೆ. ಅಂದಿನಿಂದ ಕೆಳಗಿನ ಕ್ರಮವನ್ನು ತಪ್ಪಿಸಿಲ್ಲ.

ಎದುರಿಗಿರುವುದು ಯಾವ ಆವೃತ್ತಿ?

ಯಾವುದೇ ಲಕ್ಷಣವನ್ನು ಪರಿಶೀಲಿಸುವ ಮೊದಲು ಹೋಲಿಕೆಯ ಎರಡೂ ಬದಿಗಳನ್ನು ಗುರುತಿಸಿಕೊಳ್ಳಬೇಕು. ‘ಆರ್ಕೇಡ್‌ನಲ್ಲಿ ಹೀಗಿರಲಿಲ್ಲ’ ಎಂಬ ಮಾತಿಗೆ ಯಾವ ಆರ್ಕೇಡ್ ಬೋರ್ಡ್, ಯಾವ ಪ್ರದೇಶದ್ದು, ಯಾವ ಪರಿಷ್ಕರಣೆ ಎಂಬುದು ತಿಳಿಯದೆ ಅರ್ಥವಿಲ್ಲ. ಕ್ಯಾಪ್‌ಕಾಮ್ ಸಂಸ್ಥೆಯ ಬೋರ್ಡ್‌ಗಳ ಪರಿಷ್ಕರಣೆಗಳನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದ ಆರು ಅಂಕಿಗಳಿಂದ ಗುರುತಿಸುವುದು ರೂಢಿ. ಸ್ಟ್ರೀಟ್ ಫೈಟರ್ 2ರ 910522 ಎಂದರೆ 1991ರ ಮೇ 22ರ ಪರಿಷ್ಕರಣೆ. ಒಂದೇ ಆಟಕ್ಕೆ ಇಂತಹ ಹಲವು ದಿನಾಂಕಗಳಿರುತ್ತವೆ, ಮತ್ತು ಅವುಗಳ ನಡುವಿನ ವ್ಯತ್ಯಾಸ ಸಣ್ಣದೇನಲ್ಲ. ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್‌ಗೆ 990512 ಮತ್ತು 990608 ಎಂಬ ಎರಡು ಪರಿಷ್ಕರಣೆಗಳಿವೆ. ಊರಿಯನ್ ಪಾತ್ರದ ತಡೆಯಲಾಗದ ದಾಳಿಯ ತಂತ್ರ ಮೊದಲನೆಯದರಲ್ಲಿ ನಡೆಯುತ್ತದೆ, ಎರಡನೆಯದರಲ್ಲಿ ನಡೆಯುವುದಿಲ್ಲ. ಅಭ್ಯಾಸವಾಗಿದ್ದ ದಾಳಿ ಇದ್ದಕ್ಕಿದ್ದಂತೆ ಫಲಿಸದೆ ಹೋದರೆ ಕೈಯನ್ನಾಗಲಿ ಗುಂಡಿಯನ್ನಾಗಲಿ ಅನುಮಾನಿಸುವ ಮೊದಲು ದಿನಾಂಕ ನೋಡಬೇಕು.

ಬೋರ್ಡ್ ಕಣ್ಣೆದುರಿಗಿದ್ದರೆ, ಕ್ಯಾಪ್‌ಕಾಮ್‌ನ ಸಿಪಿಎಸ್-2 ಎಂಬ ಆರ್ಕೇಡ್ ಬೋರ್ಡ್‌ನ ಪೆಟ್ಟಿಗೆಯ ಬಣ್ಣವೇ ಪ್ರದೇಶವನ್ನು ಹೇಳುತ್ತದೆ: ಜಪಾನಿನದು ಹಸಿರು, ಉತ್ತರ ಅಮೆರಿಕ ಮತ್ತು ಯೂರೋಪಿನದು ನೀಲಿ, ಏಷ್ಯಾದ ಉಳಿದ ಭಾಗದ್ದು ಬೂದು, ದಕ್ಷಿಣ ಅಮೆರಿಕದ್ದು ಕಿತ್ತಳೆ. ಮನೆಯ ಕಾರ್ಟ್ರಿಡ್ಜ್ ಅಥವಾ ಡಿಸ್ಕಿನಲ್ಲಿ ಶೀರ್ಷಿಕೆಯೇ ಮೊದಲ ಸುಳಿವು. ಜಪಾನಿನ ಸ್ಟ್ರೀಟ್ ಫೈಟರ್ ಝೀರೋ ಹೊರದೇಶಗಳಲ್ಲಿ ಆಲ್ಫಾ ಆಯಿತು, ವ್ಯಾಂಪೈರ್ ಸರಣಿ ಡಾರ್ಕ್‌ಸ್ಟಾಕರ್ಸ್ ಆಯಿತು, ಸಮುರಾಯ್ ಸ್ಪಿರಿಟ್ಸ್ ಸಮುರಾಯ್ ಶೋಡೌನ್ ಆಯಿತು. ಪಾತ್ರಗಳ ಹೆಸರುಗಳು ಇನ್ನೂ ಹೆಚ್ಚು ಗೊಂದಲ ಹುಟ್ಟಿಸುತ್ತವೆ. ಸ್ಟ್ರೀಟ್ ಫೈಟರ್ 2ರ ಬಾಕ್ಸರ್ ಜಪಾನಿನಲ್ಲಿ ಎಂ. ಬೈಸನ್. ಅವನು ನಿಜಜೀವನದ ಬಾಕ್ಸರ್ ಮೈಕ್ ಟೈಸನ್‌ನನ್ನು ಹೋಲುವ ಕಾರಣ ಕಾನೂನಿನ ತೊಡಕು ಬರಬಹುದೆಂಬ ಆತಂಕದಿಂದ ಹೊರದೇಶದ ಆವೃತ್ತಿಯಲ್ಲಿ ಮೂವರ ಹೆಸರನ್ನು ಸುತ್ತಿ ಹಾಕಲಾಯಿತು. ಬಾಕ್ಸರ್‌ಗೆ ಬಾಲ್‌ರಾಗ್, ಉಗುರಿನ ಆಯುಧ ಧರಿಸಿದವನಿಗೆ ವೇಗಾ, ಕೊನೆಯ ಸರ್ವಾಧಿಕಾರಿಗೆ ಎಂ. ಬೈಸನ್ ಎಂಬ ಹೆಸರು ಬಂತು. ಆದ್ದರಿಂದ ‘ಹೆಸರು ಅದಲು ಬದಲಾಗಿದೆ, ಆಟವನ್ನು ಬರೆದಿಟ್ಟಿರುವ ರಾಮ್ (ROM) ಚಿಪ್ ಕೆಟ್ಟಿರಬೇಕು’ ಎಂಬ ದೂರು ಬಂದರೆ ರಾಮ್ ಅನ್ನು ಮುಟ್ಟುವ ಅಗತ್ಯವಿಲ್ಲ. ಅದು ಪ್ರದೇಶದ ಗುರುತು, ಅಷ್ಟೇ.

ನೆನಪಿನ ಆರ್ಕೇಡ್ ಅಧಿಕೃತವೇ ಆಗಿರಲಿಲ್ಲ ಎಂಬ ಸಾಧ್ಯತೆಯನ್ನೂ ಮರೆಯಬಾರದು. ಗಾಳಿಯಲ್ಲಿರುವಾಗಲೇ ವಿಶೇಷ ಹೊಡೆತಗಳನ್ನು ಬಿಡಬಹುದಾಗಿದ್ದ, ಬೆಂಕಿಯುಂಡೆಗಳು ಎದುರಾಳಿಯನ್ನು ಹಿಂಬಾಲಿಸುತ್ತಿದ್ದ ಆಟ ಸ್ಟ್ರೀಟ್ ಫೈಟರ್ 2 ಚಾಂಪಿಯನ್ ಎಡಿಷನ್‌ನ ರೈನ್‌ಬೋ ಎಂದು ಹೆಸರಾದ ನಕಲಿ ಆವೃತ್ತಿ. ಅದನ್ನು ಅಳತೆಗೋಲಾಗಿಟ್ಟುಕೊಂಡರೆ ಯಾವ ಕನ್ಸೋಲ್ ಆವೃತ್ತಿಯೂ ಸರಿಯಾಗಿ ಕಾಣುವುದಿಲ್ಲ.

ಆಟ ನಿಧಾನ, ಅಥವಾ ತೀರ ವೇಗ

ದೂರುಗಳಲ್ಲಿ ಅತಿ ಹೆಚ್ಚು ಬರುವುದು ಇದೇ, ಮತ್ತು ಅತಿ ಹೆಚ್ಚು ತಪ್ಪಾಗಿ ಗುರುತಿಸಲ್ಪಡುವುದೂ ಇದೇ. ಈ ಆಟಗಳಲ್ಲಿ ಕಾಲವನ್ನು ಸೆಕೆಂಡುಗಳಲ್ಲಿ ಅಲ್ಲ, ಫ್ರೇಮ್‌ಗಳಲ್ಲಿ, ಅಂದರೆ ಪರದೆಯ ಮೇಲೆ ಒಂದರ ಹಿಂದೊಂದು ಬರುವ ಚಿತ್ರಗಳಲ್ಲಿ, ಎಣಿಸಲಾಗುತ್ತದೆ. ಒಂದು ಗುದ್ದು ಹೊರಬರಲು ನಾಲ್ಕು ಫ್ರೇಮ್ ಬೇಕೆಂದರೆ, ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸದಾಗಿ ಬರೆಯಲ್ಪಡುತ್ತದೆ ಎಂಬುದರ ಮೇಲೆ ಆ ಗುದ್ದಿನ ನಿಜವಾದ ಅವಧಿ ನಿಂತಿದೆ. ಜಪಾನ್, ಅಮೆರಿಕಗಳ ಎನ್‌ಟಿಎಸ್‌ಸಿ ಪದ್ಧತಿಯ ಟಿವಿಯಲ್ಲಿ ಅದು ಸುಮಾರು 60 ಸಲ, ಯೂರೋಪಿನ ಬಹುಭಾಗದ ಪಾಲ್ ಪದ್ಧತಿಯಲ್ಲಿ 50 ಸಲ. ಜಪಾನ್ ಅಥವಾ ಅಮೆರಿಕಕ್ಕೆಂದು ಬರೆದ ಆಟವನ್ನು ಬದಲಾವಣೆಯಿಲ್ಲದೆ ಪಾಲ್ ಕನ್ಸೋಲ್‌ಗೆ ಕೊಟ್ಟರೆ ಅದು ಮೂಲ ವೇಗದ ಆರರಲ್ಲಿ ಐದು ಪಾಲಿನಷ್ಟು ಮಾತ್ರ ಓಡುತ್ತದೆ. ಒಂದು ಫ್ರೇಮ್ 16.7 ಮಿಲಿಸೆಕೆಂಡಿನ ಬದಲು 20 ಮಿಲಿಸೆಕೆಂಡ್ ಹಿಡಿಯುತ್ತದೆ. ಕಣ್ಣಿಗೆ ಇದು ‘ಸ್ವಲ್ಪ ನಿಧಾನ’ ಎನಿಸಬಹುದು, ಆದರೆ ಬೆರಳಿಗೆ ಅದು ಬೇರೆಯದೇ ಆಟ.

ಪರೀಕ್ಷೆ ಸರಳವಾದದ್ದು. ಇಬ್ಬರು ಆಡುವ ಪಂದ್ಯವನ್ನು ಆರಂಭಿಸಿ, ಯಾರೂ ಗುಂಡಿ ಮುಟ್ಟದೆ, ಸುತ್ತಿನ ಗಡಿಯಾರ 90ರಿಂದ 10ಕ್ಕೆ ಇಳಿಯಲು ಎಷ್ಟು ಸಮಯ ಬೇಕೆಂಬುದನ್ನು ಸ್ಟಾಪ್‌ವಾಚ್‌ನಿಂದ ಅಳೆಯಿರಿ. ಅದೇ ಆಟದ 60 ಹರ್ಟ್ಜ್ ಆವೃತ್ತಿಯ ಚಿತ್ರೀಕರಣದಲ್ಲಿಯೂ ಅದನ್ನೇ ಅಳೆಯಿರಿ. ಆಟದ ಗಡಿಯಾರದ ಒಂದು ಅಂಕಿ ನಿಜವಾದ ಒಂದು ಸೆಕೆಂಡಿಗೆ ಸಮವಾಗಿರಬೇಕಿಲ್ಲ. ಆದ್ದರಿಂದ ಒಂದೇ ಅಳತೆಯಿಂದ ತೀರ್ಮಾನಿಸದೆ ಎರಡರ ಅನುಪಾತವನ್ನು ನೋಡಬೇಕು. ಅನುಪಾತ 1.2ಕ್ಕೆ ಹತ್ತಿರವಿದ್ದರೆ ಕಾರಣ 50 ಹರ್ಟ್ಜ್, ಬೇರೇನೂ ಅಲ್ಲ. 1ಕ್ಕೆ ಹತ್ತಿರವಿದ್ದೂ ಆಟ ಮಂದವೆನಿಸಿದರೆ ತೊಂದರೆ ವೇಗದಲ್ಲಿಲ್ಲ, ವಿಳಂಬದಲ್ಲಿದೆ. ಅದನ್ನು ಮುಂದೆ ನೋಡೋಣ. ಪಾಲ್ ಪ್ರದೇಶಕ್ಕೆಂದು ಕೆಲವು ಆಟಗಳನ್ನು ವೇಗ ಸರಿಹೊಂದಿಸಿಯೇ ಬಿಡುಗಡೆ ಮಾಡಲಾಗಿತ್ತು, ಹಾಗಾಗಿ ಪೆಟ್ಟಿಗೆಯ ಮೇಲಿನ ಗುರುತನ್ನು ನೋಡಿ ಊಹಿಸುವುದಕ್ಕಿಂತ ಅಳೆಯುವುದೇ ಮೇಲು.

ಕಿವಿಯನ್ನು ನಂಬಬೇಡಿ ಎಂದು ವಿಶೇಷವಾಗಿ ಹೇಳಬೇಕಾಗುತ್ತದೆ. ಸೂಪರ್ ನಿಂಟೆಂಡೊದ ಧ್ವನಿ ಭಾಗಕ್ಕೆ ತನ್ನದೇ ಗಡಿಯಾರವಿದೆ; ಪರದೆಯ ದರ 50ಕ್ಕೆ ಇಳಿದರೂ ಸಂಗೀತ ಸರಿಯಾದ ಲಯದಲ್ಲಿಯೇ ಕೇಳಬಹುದು. ಸಂಗೀತ ಸರಿಯಿದೆ, ಆದ್ದರಿಂದ ಆಟದ ವೇಗವೂ ಸರಿಯಿದೆ ಎಂಬ ತರ್ಕ ಅಲ್ಲಿ ನಿಲ್ಲುವುದಿಲ್ಲ. ಸೆಗಾ ಮೆಗಾ ಡ್ರೈವ್‌ನಲ್ಲಿ ಸಂಗೀತವನ್ನು ಹೆಚ್ಚಾಗಿ ಪರದೆಯ ದರದೊಂದಿಗೇ ಕಟ್ಟಿರುವುದರಿಂದ ಅದೂ ಜೊತೆಗೇ ನಿಧಾನವಾಗುತ್ತದೆ.

ಆರ್ಕೇಡ್ ಬೋರ್ಡ್‌ಗಳು ಕೂಡ ಕರಾರುವಾಕ್ಕಾಗಿ 60ರಲ್ಲಿ ಓಡುವುದಿಲ್ಲ. ಕ್ಯಾಪ್‌ಕಾಮ್ ಸಿಪಿಎಸ್ ಬೋರ್ಡ್‌ಗಳದು ಸುಮಾರು 59.6, ನಿಯೊ ಜಿಯೊ ಎಂವಿಎಸ್ ಎಂಬ ಆರ್ಕೇಡ್ ಬೋರ್ಡ್‌ನದು ಸುಮಾರು 59.2, ಮಾರ್ಟಲ್ ಕಾಂಬ್ಯಾಟ್‌ನದು ಸುಮಾರು 54.7 ಹರ್ಟ್ಜ್. ಮೊದಲೆರಡರ ವ್ಯತ್ಯಾಸ ಕೈಗೆ ತಿಳಿಯದು. ಮೂರನೆಯದು ಮಾತ್ರ ತಿಳಿಯುತ್ತದೆ: ಎಮ್ಯುಲೇಟರ್‌ನಲ್ಲಿ (ಹಳೆಯ ಯಂತ್ರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶದಲ್ಲಿ) ಆಟವನ್ನು 60 ಹರ್ಟ್ಜ್ ಮಾನಿಟರ್‌ನ ದರಕ್ಕೆ ಕಟ್ಟಿಹಾಕಿದರೆ ಅದು ಸುಮಾರು ಶೇಕಡಾ 10ರಷ್ಟು ವೇಗವಾಗಿ ಓಡುತ್ತದೆ, ಕಟ್ಟಿಹಾಕದಿದ್ದರೆ ಚಲನೆ ಅಲ್ಲಲ್ಲಿ ಮುಗ್ಗರಿಸಿದಂತೆ ಕಾಣುತ್ತದೆ. ದರವನ್ನು ತಾನೇ ಬದಲಿಸಿಕೊಳ್ಳಬಲ್ಲ ಮಾನಿಟರ್ ಇದಕ್ಕೆ ಸರಿಯಾದ ಪರಿಹಾರ. ಉಳಿದ ಹೊಂದಾಣಿಕೆಗಳೆಲ್ಲ ಒಂದಲ್ಲ ಒಂದು ಕಡೆ ಎಳೆಯುತ್ತವೆ.

ಇನ್ನೊಂದು ಮಾತು ಚಿಕ್ಕದಾದರೂ ಅನೇಕರ ಸಮಯ ಉಳಿಸುತ್ತದೆ. ಟರ್ಬೊ ಎಂಬ ಹೆಸರಿನ ಆಟಗಳಲ್ಲಿ ವೇಗ ಒಂದು ಆಯ್ಕೆ. ಸೂಪರ್ ನಿಂಟೆಂಡೊದ ಸ್ಟ್ರೀಟ್ ಫೈಟರ್ 2 ಟರ್ಬೊದಲ್ಲಿ ನಕ್ಷತ್ರಗಳ ಸಂಖ್ಯೆಯಿಂದ ವೇಗವನ್ನು ಆರಿಸಬೇಕು. ಆ ಪಟ್ಟಿಯನ್ನು ನೋಡದೆ ‘ನಿಧಾನ’ ಎಂದು ಬರೆದಿಟ್ಟ ದೂರುಗಳು ಒಂದೆರಡಲ್ಲ.

ಪರಿಹಾರಗಳ ವಿಚಾರಕ್ಕೆ ಬಂದರೆ, ಡ್ರೀಮ್‌ಕಾಸ್ಟ್‌ನ ಅನೇಕ ಪಾಲ್ ಡಿಸ್ಕ್‌ಗಳು ಆರಂಭದಲ್ಲಿಯೇ 50 ಮತ್ತು 60ರ ಆಯ್ಕೆ ಕೊಡುತ್ತವೆ. ಅದಕ್ಕಿಂತ ಹಳೆಯ ಸೂಪರ್ ನಿಂಟೆಂಡೊ ಮತ್ತು ಮೆಗಾ ಡ್ರೈವ್‌ಗಳಿಗೆ ದರ ಬದಲಿಸುವ ಸ್ವಿಚ್ ಅಳವಡಿಸುವುದೇ ದಾರಿ. ಕೆಲವು ಕಾರ್ಟ್ರಿಡ್ಜ್‌ಗಳು ಆರಂಭದಲ್ಲಿ ಕನ್ಸೋಲ್‌ನ ಪ್ರದೇಶವನ್ನು ಪರಿಶೀಲಿಸಿ, ಹೊಂದದಿದ್ದರೆ ಒಂದು ಸಂದೇಶ ತೋರಿಸಿ ನಿಂತುಬಿಡುತ್ತವೆ. ಅಂತಹವನ್ನು ಅವುಗಳ ಸ್ವಂತ ದರದಲ್ಲಿ ಆರಂಭಿಸಿ, ಪರಿಶೀಲನೆ ಮುಗಿದ ಬಳಿಕ ಸ್ವಿಚ್ ತಿರುಗಿಸುವುದು ಬಲ್ಲವರ ರೂಢಿ.

ವೇಗ ಸರಿಯಿದೆ, ಕೈ ಮಾತ್ರ ತಡ

ಗಡಿಯಾರದ ಅನುಪಾತ ಸರಿಯಾಗಿದ್ದೂ ಹೊಡೆತ ತಡವಾಗುತ್ತಿದ್ದರೆ ಮೊದಲ ಶಂಕಿತ ಟಿವಿ. ಹಳೆಯ ಕನ್ಸೋಲ್‌ಗಳು ಕಳುಹಿಸುವ 240 ಸಾಲಿನ ಸಂಕೇತವನ್ನು ಅನೇಕ ಚಪ್ಪಟೆ ಟಿವಿಗಳು 480 ಸಾಲಿನ ಹೆಣೆದ (ಇಂಟರ್‌ಲೇಸ್ಡ್) ಚಿತ್ರವೆಂದು ತಪ್ಪಾಗಿ ತಿಳಿದು, ಅರ್ಧರ್ಧ ಸಾಲುಗಳ ಎರಡೆರಡು ಚಿತ್ರಗಳನ್ನು ಜೋಡಿಸಲು ಕಾಯುತ್ತವೆ. ಈ ಕಾಯುವಿಕೆಯೇ ಹಲವು ಫ್ರೇಮ್‌ಗಳಾಗುತ್ತದೆ. ಟಿವಿಯ ಗೇಮ್ ಮೋಡ್ ಆನ್ ಮಾಡಿ, ಚಿತ್ರ ಸುಧಾರಣೆಯ ಎಲ್ಲ ಆಯ್ಕೆಗಳನ್ನು ಮುಚ್ಚಿ ಮತ್ತೆ ನೋಡಬೇಕು. ಅದೇ ಕನ್ಸೋಲನ್ನು ಒಂದು ಹಳೆಯ ಪಿಕ್ಚರ್ ಟ್ಯೂಬ್ ಟಿವಿಗೆ ಜೋಡಿಸಿದಾಗ ತೊಂದರೆ ಮಾಯವಾದರೆ ಕನ್ಸೋಲ್, ಪ್ಯಾಡ್, ಕಾರ್ಟ್ರಿಡ್ಜ್ ಮೂರೂ ನಿರ್ದೋಷಿಗಳು.

ಚಿತ್ರದ ದೂರುಗಳು

ಮೇಲೆ ಕೆಳಗೆ ಕಪ್ಪು ಪಟ್ಟಿ, ನಡುವೆ ಅದುಮಿದಂತೆ ಕಾಣುವ ಕುಳ್ಳ ಪಾತ್ರಗಳು: ಇದು ಪಾಲ್‌ನ ಇನ್ನೊಂದು ಮುಖ. ಪಾಲ್ ಪರದೆಯಲ್ಲಿ ಸುಮಾರು 288 ಸಾಲುಗಳಿಗೆ ಜಾಗವಿದ್ದರೂ ಆಟ 224 ಸಾಲುಗಳನ್ನಷ್ಟೇ ಬರೆಯುತ್ತದೆ; ಉಳಿದದ್ದು ಕಪ್ಪು. ವೇಗದ ಪರೀಕ್ಷೆಯಲ್ಲಿ 1.2 ಬಂದು, ಜೊತೆಗೆ ಈ ಪಟ್ಟಿಗಳೂ ಇದ್ದರೆ ರೋಗನಿರ್ಣಯ ಮುಗಿಯಿತು. ಪಟ್ಟಿಗಳಿಲ್ಲದೆ ಪಾತ್ರಗಳು ಅಗಲವಾಗಿ ಕಂಡರೆ ಕಾರಣ ಬೇರೆ. ಸಿಪಿಎಸ್ ಬೋರ್ಡ್‌ನ ಚಿತ್ರ 384 ಅಡ್ಡ, 224 ಉದ್ದ ಬಿಂದುಗಳದ್ದು. ಅದನ್ನು 4:3 ಪರದೆಗೆ ಹೊಂದುವಂತೆ ಅಡ್ಡಲಾಗಿ ಅದುಮಿ ತೋರಿಸಬೇಕೆಂದೇ ಬಿಡಿಸಲಾಗಿದೆ. ಎಮ್ಯುಲೇಟರ್ ಬಿಂದುಗಳನ್ನು ಚೌಕವಾಗಿ ತೋರಿಸಿದರೆ ಎಲ್ಲರೂ ದಪ್ಪಗಾಗುತ್ತಾರೆ. ಸೂಪರ್ ನಿಂಟೆಂಡೊದಲ್ಲಿ ಅಡ್ಡ ಬಿಂದುಗಳು 256 ಮಾತ್ರ. ಅಲ್ಲಿನ ಚಿತ್ರಗಳನ್ನು ಹೊಸದಾಗಿ ಕುಗ್ಗಿಸಿ ಬರೆದಿರುವುದರಿಂದ ಆರ್ಕೇಡ್‌ನೊಂದಿಗೆ ಬಿಂದುವಿಗೆ ಬಿಂದು ಹೋಲಿಸುವುದು ವ್ಯರ್ಥ.

ಚಿತ್ರ ಸ್ಪಷ್ಟವಾಗಿದ್ದು ಬಣ್ಣ ಮಾತ್ರ ಇಲ್ಲದಿದ್ದರೆ, ಎನ್‌ಟಿಎಸ್‌ಸಿ ಬಣ್ಣದ ಸಂಕೇತವನ್ನು ಪಾಲ್ ಮಾತ್ರ ಬಲ್ಲ ಟಿವಿ ಓದಲಾರದೆ ಹೋಗಿದೆ ಎಂದರ್ಥ. ಮೊದಲನೆಯದರಲ್ಲಿ ಬಣ್ಣದ ವಾಹಕ ತರಂಗ 3.58 ಮೆಗಾಹರ್ಟ್ಜ್‌ನದು, ಎರಡನೆಯದರಲ್ಲಿ 4.43 ಮೆಗಾಹರ್ಟ್ಜ್‌ನದು. ಬಣ್ಣಗಳನ್ನು ಪ್ರತ್ಯೇಕ ತಂತಿಗಳಲ್ಲಿ ಒಯ್ಯುವ ಆರ್‌ಜಿಬಿ ಕೇಬಲ್ ಹಾಕಿದರೆ ಈ ತೊಡಕು ಹುಟ್ಟುವುದೇ ಇಲ್ಲ.

ಪಾತ್ರಗಳ ಅಂಗಗಳು ಮಿನುಗುವುದು ಅಥವಾ ಕ್ಷಣಕಾಲ ಮಾಯವಾಗುವುದು ಬಹುಪಾಲು ಯಂತ್ರದ ಮಿತಿ. ಸೂಪರ್ ನಿಂಟೆಂಡೊ ಒಂದು ಅಡ್ಡಸಾಲಿನಲ್ಲಿ ಹೆಚ್ಚೆಂದರೆ 32 ಸ್ಪ್ರೈಟ್‌ಗಳನ್ನು (ಹಿನ್ನೆಲೆಯ ಮೇಲೆ ಚಲಿಸುವ ಸಣ್ಣ ಚಿತ್ರದ ತುಣುಕುಗಳನ್ನು) ತೋರಿಸಬಲ್ಲದು. ಇಬ್ಬರು ದೊಡ್ಡ ದೇಹದವರು ಮತ್ತು ಎರಡು ಬೆಂಕಿಯುಂಡೆಗಳು ಒಂದೇ ಮಟ್ಟದಲ್ಲಿದ್ದಾಗ ಮಾತ್ರ ಮಿನುಗು ಕಂಡು, ಒಬ್ಬರು ಜಿಗಿದೊಡನೆ ನಿಂತರೆ ಅದು ಈ ಮಿತಿಯೇ. ಖಾಲಿ ಶೀರ್ಷಿಕೆ ಪರದೆಯಲ್ಲಿಯೂ ಚಿತ್ರ ಹರಿದರೆ ಕಾರ್ಟ್ರಿಡ್ಜ್‌ನ ಸಂಪರ್ಕಗಳನ್ನು ಸ್ವಚ್ಛಗೊಳಿಸಬೇಕು.

ಗುಂಡಿಗಳು

ಗುದ್ದುಗಳೆಲ್ಲ ಬರುತ್ತವೆ, ಒದೆಗಳು ಒಂದೂ ಬರುವುದಿಲ್ಲ. ಈ ಒಂದೇ ಲಕ್ಷಣಕ್ಕೆ ಎರಡು ಕಡೆ ಎರಡು ಕಾರಣಗಳಿವೆ. ಆರ್ಕೇಡ್ ಕ್ಯಾಬಿನೆಟ್‌ನಲ್ಲಾದರೆ, ಬೋರ್ಡನ್ನು ಕ್ಯಾಬಿನೆಟ್‌ಗೆ ಜೋಡಿಸುವ ಜಾಮ್ಮಾ ಮಾನದಂಡದ ಮುಖ್ಯ ಜೋಡಣೆಯಲ್ಲಿ ಆಟಗಾರನಿಗೆ ಮೂರು ಗುಂಡಿಗಳಿಗಷ್ಟೇ ಜಾಗ. ಆರು ಗುಂಡಿಗಳ ಆಟಗಳಲ್ಲಿ ಒದೆಯ ಮೂರು ಗುಂಡಿಗಳು ಬೇರೊಂದು ಜೋಡಣೆಯ ಮೂಲಕ ಬೋರ್ಡ್‌ಗೆ ಬರುತ್ತವೆ. ಅದು ಸಡಿಲವಾಗಿರಬಹುದು, ಅಥವಾ ಸಿಪಿಎಸ್-1ರ ಜೋಡಣೆಯನ್ನು ಸಿಪಿಎಸ್-2ಕ್ಕೆ ಹಾಕಲು ಯತ್ನಿಸಿರಬಹುದು. ಆ ಎರಡು ಬೋರ್ಡ್‌ಗಳ ಜೋಡಣೆಗಳು ಒಂದೇ ಅಲ್ಲ. ಮೆಗಾ ಡ್ರೈವ್‌ನಲ್ಲಾದರೆ ಮೂರು ಗುಂಡಿಗಳ ಹಳೆಯ ಪ್ಯಾಡ್ ಜೋಡಿಸಿರುತ್ತಾರೆ. ಆಗ ಗುದ್ದು ಮತ್ತು ಒದೆಯ ನಡುವೆ ಬದಲಿಸಲು ಸ್ಟಾರ್ಟ್ ಗುಂಡಿ ಒತ್ತಬೇಕು. ಆಟವನ್ನು ತಡೆಹಿಡಿಯಲು ಸ್ಟಾರ್ಟ್ ಒತ್ತಿದಾಗ ಅದು ನಿಲ್ಲದಿರುವುದು ಕೂಡ ಇದೇ ಕಾರಣಕ್ಕೆ, ಏಕೆಂದರೆ ಸ್ಟಾರ್ಟ್‌ಗೆ ಅಲ್ಲಿ ಬೇರೆ ಕೆಲಸ. 1993ರಲ್ಲಿ ಬಂದ ಆರು ಗುಂಡಿಗಳ ಪ್ಯಾಡ್ ಇದನ್ನು ಪರಿಹರಿಸುತ್ತದೆ. ಆ ಪ್ಯಾಡ್ ಹಳೆಯ ಆಟಗಳಲ್ಲಿ ವಿಚಿತ್ರವಾಗಿ ವರ್ತಿಸಿದರೆ ಮೋಡ್ ಗುಂಡಿಯನ್ನು ಒತ್ತಿಹಿಡಿದು ಕನ್ಸೋಲ್ ಆನ್ ಮಾಡಿದಾಗ ಅದು ಮೂರು ಗುಂಡಿಗಳ ಪ್ಯಾಡ್‌ನಂತೆ ನಡೆದುಕೊಳ್ಳುತ್ತದೆ.

ರಕ್ತವಿಲ್ಲ, ಪಾತ್ರವಿಲ್ಲ, ಸೌಲಭ್ಯವಿಲ್ಲ

1993ರ ಸೆಪ್ಟೆಂಬರ್ 13ರಂದು ಮಾರ್ಟಲ್ ಕಾಂಬ್ಯಾಟ್ ಒಟ್ಟಿಗೇ ಹಲವು ಕನ್ಸೋಲ್‌ಗಳಿಗೆ ಬಂದಾಗ ಸೂಪರ್ ನಿಂಟೆಂಡೊ ಆವೃತ್ತಿಯಲ್ಲಿ ರಕ್ತದ ಬದಲು ಬೂದು ಬೆವರಿನ ಹನಿಗಳಿದ್ದವು, ಕೊನೆಯ ಮಾರಕ ಹೊಡೆತಗಳನ್ನೂ ಮೃದುಗೊಳಿಸಲಾಗಿತ್ತು. ಅಲ್ಲಿ ಅದನ್ನು ಮರಳಿ ತರುವ ಗುಂಡಿಗಳ ಸಂಕೇತವಿಲ್ಲ. ಮೆಗಾ ಡ್ರೈವ್‌ನ ಅಮೆರಿಕನ್ ರೂಪವಾದ ಜೆನೆಸಿಸ್‌ನಲ್ಲಿ ರಕ್ತ ಮುಚ್ಚಿಟ್ಟಿದೆ, ತೆಗೆದುಹಾಕಿಲ್ಲ: ಆರಂಭದಲ್ಲಿ ಕೋಡ್ ಎಂಬ ಪದದ ಅರ್ಥ ವಿವರಿಸುವ ಪರದೆಯ ಮೇಲೆ ಎ, ಬಿ, ಎ, ಸಿ, ಎ, ಬಿ, ಬಿ ಎಂದು ಒತ್ತಿದರೆ ಅದು ಬರುತ್ತದೆ. ಎರಡನೆಯ ಭಾಗ ಸೂಪರ್ ನಿಂಟೆಂಡೊಗೆ ಅಮೆರಿಕದಲ್ಲಿ ಕೆಂಪು ರಕ್ತದೊಂದಿಗೇ ಬಂತು. ಜಪಾನಿನಲ್ಲಿ ರಕ್ತ ಹಸಿರಾಯಿತು, ಮಾರಕ ಹೊಡೆತದ ವೇಳೆ ಪರದೆ ಕಪ್ಪು ಬಿಳುಪಾಯಿತು. ಹಸಿರು ರಕ್ತವನ್ನು ಕಂಡು ಕೇಬಲ್ ಬದಲಿಸುವ ಮುನ್ನ ಇದನ್ನು ನೆನೆಯುವುದು ಒಳಿತು.

ನಿಯೊ ಜಿಯೊ ಪ್ರಕರಣ ಇದಕ್ಕಿಂತ ಸೂಕ್ಷ್ಮವಾದದ್ದು. ಅಲ್ಲಿ ಮನೆಯ ಎಇಎಸ್ ಮತ್ತು ಆರ್ಕೇಡ್‌ನ ಎಂವಿಎಸ್ ಕಾರ್ಟ್ರಿಡ್ಜ್‌ಗಳೊಳಗಿನ ಆಟ ಸಾಮಾನ್ಯವಾಗಿ ಒಂದೇ. ಪ್ರದೇಶ ಯಾವುದು ಎಂಬುದನ್ನು ಆಟವು ಯಂತ್ರದ ಬಯಾಸ್‌ನಿಂದ, ಅಂದರೆ ಯಂತ್ರದೊಳಗೇ ಇರುವ ಮೂಲ ತಂತ್ರಾಂಶದಿಂದ, ಕೇಳಿ ತಿಳಿಯುತ್ತದೆ. ಒಂದೇ ಸಮುರಾಯ್ ಶೋಡೌನ್ ಕಾರ್ಟ್ರಿಡ್ಜ್ ಜಪಾನಿನ ಯಂತ್ರದಲ್ಲಿ ಕೆಂಪು ರಕ್ತವನ್ನೂ ಅಮೆರಿಕದ ಯಂತ್ರದಲ್ಲಿ ಬಿಳಿಯ ಹನಿಗಳನ್ನೂ ತೋರಿಸುತ್ತದೆ. ಶೀರ್ಷಿಕೆ ಮತ್ತು ಭಾಷೆಯೂ ಹಾಗೆಯೇ ಬದಲಾಗುತ್ತವೆ. ಆದ್ದರಿಂದ ಇಲ್ಲಿ ಕಾರ್ಟ್ರಿಡ್ಜ್ ಬದಲಿಸಿ ಪರೀಕ್ಷಿಸುವುದರಿಂದ ಏನೂ ತಿಳಿಯದು. ಅದೇ ಕಾರ್ಟ್ರಿಡ್ಜನ್ನು ಬೇರೆ ಪ್ರದೇಶದ ಯಂತ್ರಕ್ಕೆ ಹಾಕಬೇಕು, ಇಲ್ಲವೇ ಪ್ರದೇಶವನ್ನು ಆರಿಸಲು ಬಿಡುವ ಬದಲಿ ಬಯಾಸ್ ಬಳಸಬೇಕು.

ಸಮುರಾಯ್ ಶೋಡೌನ್ ಬೇರೆ ಕನ್ಸೋಲ್‌ಗಳಿಗೆ ಹೋದಾಗ ಕೊರತೆಗಳು ಬೇರೆ ಬೇರೆಯಾದವು. ಮೂಲದಲ್ಲಿ ಇಬ್ಬರೂ ಹತ್ತಿರವಾದಾಗ ದೃಶ್ಯ ಹಿಗ್ಗುತ್ತದೆ, ದೂರವಾದಾಗ ಕುಗ್ಗುತ್ತದೆ. ಸೂಪರ್ ನಿಂಟೆಂಡೊದಲ್ಲಿ ಅದು ಕುಗ್ಗಿದ ಸ್ಥಿತಿಯಲ್ಲಿಯೇ ಉಳಿಯುತ್ತದೆ, ಹಾಗಾಗಿ ಪಾತ್ರಗಳು ಸದಾ ಚಿಕ್ಕವು. ಮೆಗಾ ಡ್ರೈವ್‌ನಲ್ಲಿ ಹಿಗ್ಗಿದ ಸ್ಥಿತಿಯಲ್ಲಿಯೇ ಉಳಿಯುತ್ತದೆ, ಆದರೆ ಅರ್ತ್‌ಕ್ವೇಕ್ ಎಂಬ ದೈತ್ಯ ಪಾತ್ರವೇ ಇಲ್ಲ. ಯಾವುದನ್ನು ತ್ಯಾಗ ಮಾಡಬೇಕೆಂದು ಇಬ್ಬರು ಬೇರೆ ಬೇರೆ ರೀತಿ ತೀರ್ಮಾನಿಸಿದ್ದು ಇಲ್ಲಿ ಎದ್ದು ಕಾಣುತ್ತದೆ. ನನಗೆ ಮೆಗಾ ಡ್ರೈವ್‌ನವರ ತೀರ್ಮಾನವೇ ಹೆಚ್ಚು ಒಪ್ಪಿಗೆ. ಸೂಪರ್ ನಿಂಟೆಂಡೊದ ಮೊದಲ ಸ್ಟ್ರೀಟ್ ಫೈಟರ್ 2ರಲ್ಲಿ ಪೀಪಾಯಿ ಒಡೆಯುವ ಬೋನಸ್ ಹಂತದ ಬದಲು ಇಟ್ಟಿಗೆ ಒಡೆಯುವ ಹಂತವಿದೆ. ಅದೂ ದೋಷವಲ್ಲ.

ಡಿಸ್ಕ್ ಯಂತ್ರಗಳಲ್ಲಿ ಕೊರತೆಗೆ ಕಾರಣ ಹೆಚ್ಚಾಗಿ ಮೆಮೊರಿ. ಪ್ಲೇಸ್ಟೇಷನ್‌ನಲ್ಲಿ ಮುಖ್ಯ ಮೆಮೊರಿ 2 ಮೆಗಾಬೈಟ್, ಚಿತ್ರಕ್ಕೆ 1 ಮೆಗಾಬೈಟ್. ನಾಲ್ಕು ದೊಡ್ಡ ಪಾತ್ರಗಳ ಚಿತ್ರಗಳನ್ನು ಒಟ್ಟಿಗೆ ಹಿಡಿದಿಡಲು ಅದು ಸಾಲದು. ಆದ್ದರಿಂದಲೇ ಎಕ್ಸ್-ಮೆನ್ ವರ್ಸಸ್ ಸ್ಟ್ರೀಟ್ ಫೈಟರ್‌ನ ಪ್ಲೇಸ್ಟೇಷನ್ ಆವೃತ್ತಿಯಲ್ಲಿ ಸಾಮಾನ್ಯ ಪಂದ್ಯದ ನಡುವೆ ಜೊತೆಗಾರನನ್ನು ಕಣಕ್ಕಿಳಿಸಿ ತಾನು ಹಿಂದೆ ಸರಿಯುವ ಸೌಲಭ್ಯವೇ ಇಲ್ಲ. ಎಷ್ಟು ಗುಂಡಿ ಒತ್ತಿದರೂ ಅದು ನಡೆಯದು. 1997ರ ಸ್ಯಾಟರ್ನ್ ಆವೃತ್ತಿಯಲ್ಲಿ ಅದು ನಡೆಯುತ್ತದೆ, ಏಕೆಂದರೆ ಅದು 4 ಮೆಗಾಬೈಟ್‌ನ ಹೆಚ್ಚುವರಿ ಮೆಮೊರಿ ಕಾರ್ಟ್ರಿಡ್ಜ್ ಕೇಳುತ್ತದೆ. ಆ ಕಾರ್ಟ್ರಿಡ್ಜ್ ಜಪಾನಿನಲ್ಲಿ ಮಾತ್ರ ಅಧಿಕೃತವಾಗಿ ಮಾರಾಟವಾಯಿತು. ಹೊರದೇಶದ ಆಟಗಾರರಿಗೆ ಈ ಆವೃತ್ತಿ ಅಪರಿಚಿತವಾಗಿ ಉಳಿದದ್ದಕ್ಕೂ ಅದೇ ಕಾರಣ.

ಹೆಚ್ಚುವರಿ ಇರುವುದು ಕೂಡ ದೂರಾಗಿ ಬರುವುದುಂಟು. ಟೆಕ್ಕೆನ್ 3ರ ಪ್ಲೇಸ್ಟೇಷನ್ ಡಿಸ್ಕಿನಲ್ಲಿ ಗಾನ್ ಎಂಬ ಪುಟ್ಟ ಡೈನೋಸಾರ್ ಇದೆ, ಆರ್ಕೇಡ್‌ನಲ್ಲಿಲ್ಲ. ಸೋಲ್‌ಕ್ಯಾಲಿಬರ್‌ನ 1999ರ ಡ್ರೀಮ್‌ಕಾಸ್ಟ್ ಆವೃತ್ತಿ 1998ರ ಆರ್ಕೇಡ್‌ಗಿಂತ ನೋಡಲು ಸ್ಪಷ್ಟವಾಗಿ ಮೇಲು. ಆ ಹೊತ್ತಿಗೆ ಮನೆಯ ಯಂತ್ರ ಆರ್ಕೇಡ್ ಬೋರ್ಡನ್ನು ಹಿಂದೆ ಹಾಕಿತ್ತು.

ಎದುರಾಳಿ ಅಸಾಧ್ಯ ಕಠಿಣ

ಕಷ್ಟದ ಮಟ್ಟದ ಸ್ವಿಚ್‌ಗಳನ್ನು ಮೊದಲು ನೋಡಿ: ಸಿಪಿಎಸ್-1ರಲ್ಲಿ ಬೋರ್ಡ್ ಮೇಲೆ ಡಿಪ್ ಸ್ವಿಚ್‌ಗಳೆಂಬ ಪುಟ್ಟ ಸ್ವಿಚ್‌ಗಳ ಸಾಲಿದೆ, ಸಿಪಿಎಸ್-2ರಲ್ಲಿ ಅದೇ ಕೆಲಸ ಪರೀಕ್ಷಾ ಪಟ್ಟಿಯೊಳಗಿದೆ. ಎರಡೂ ಕಡೆ ಒಂದೇ ಮಟ್ಟ ಇಟ್ಟರೂ ವ್ಯತ್ಯಾಸ ಉಳಿದರೆ ಪ್ರದೇಶ ನೋಡಿ. ಜಪಾನಿನಲ್ಲಿ ಸೂಪರ್ ಸ್ಟ್ರೀಟ್ ಫೈಟರ್ 2 ಎಕ್ಸ್ ಎಂದು ಹೆಸರಾದ 1994ರ ಆಟದ ಅಮೆರಿಕನ್ ಆವೃತ್ತಿಯಲ್ಲಿ ಕಂಪ್ಯೂಟರ್ ಎದುರಾಳಿ ಗಮನಾರ್ಹವಾಗಿ ಹೆಚ್ಚು ಕಠಿಣ.

ನಿಜವಾಗಿಯೂ ಕೆಟ್ಟಿರುವುದು

ಇಷ್ಟೆಲ್ಲ ಸೋಸಿದ ಬಳಿಕ ಉಳಿಯುವುದು ಸ್ವಲ್ಪವೇ. ಸಿಪಿಎಸ್-2 ಬೋರ್ಡ್ ಆನ್ ಮಾಡಿದಾಗ ಒಂದೇ ಬಣ್ಣದ ಖಾಲಿ ಪರದೆ ತೋರಿಸಿ ನಿಂತರೆ, ಗೂಢಲಿಪಿಯಲ್ಲಿರುವ ಆಟವನ್ನು ಓದಲು ಬೇಕಾದ ಕೀಲಿಯನ್ನು ಹಿಡಿದಿಟ್ಟಿದ್ದ ಒಳಗಿನ ಬ್ಯಾಟರಿ ಸತ್ತಿರುವ ಸಂಭವವೇ ಹೆಚ್ಚು. ಅದಕ್ಕೂ ಪ್ರದೇಶಕ್ಕೂ ಸಂಬಂಧವಿಲ್ಲ, ಮತ್ತು ಹೊಸ ಬ್ಯಾಟರಿ ಹಾಕಿದ ಮಾತ್ರಕ್ಕೆ ಅಳಿಸಿಹೋದ ಕೀಲಿ ಮರಳುವುದಿಲ್ಲ, ಅದನ್ನು ಮತ್ತೆ ಬರೆಯಬೇಕು. ಎಂವಿಎಸ್ ಬೋರ್ಡ್ ಪ್ರತಿ ಸಲ ಕಷ್ಟದ ಮಟ್ಟವನ್ನು ಮರೆಯುತ್ತಿದ್ದರೆ ಅಲ್ಲಿಯೂ ಕಾರಣ ಬ್ಯಾಟರಿಯೇ. ಅದರ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಂಡರೆ ಸೋರಿದ ರಾಸಾಯನಿಕ ಸುತ್ತಲಿನ ತಾಮ್ರದ ಗೆರೆಗಳನ್ನು ತಿನ್ನುವ ಮೊದಲೇ ಬ್ಯಾಟರಿಯನ್ನು ತೆಗೆದುಹಾಕಬೇಕು. ಸ್ಯಾಟರ್ನ್‌ನ ಕಾರ್ಟ್ರಿಡ್ಜ್ ಸಂದಿ ಸಂಪರ್ಕ ತಪ್ಪುವುದಕ್ಕೆ ಕುಖ್ಯಾತ: ಸರಿಯಾದ 4 ಮೆಗಾಬೈಟ್ ಕಾರ್ಟ್ರಿಡ್ಜ್ ಹಾಕಿದ್ದರೂ ಆಟ ಅದನ್ನೇ ಕೇಳುತ್ತಿದ್ದರೆ, ಕನ್ಸೋಲ್ ಆಫ್ ಮಾಡಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಸಂಪರ್ಕಗಳನ್ನು ಒರೆಸಿ, ಒಣಗಿದ ಮೇಲೆ ಮತ್ತೆ ನೇರವಾಗಿ ಕೂರಿಸಿ. ಆಮೇಲೂ ಕಾಣದಿದ್ದರೆ ಕಾರ್ಟ್ರಿಡ್ಜನ್ನು ಕೂದಲೆಳೆಯಷ್ಟು ಮೇಲಕ್ಕೆತ್ತಿ ಆನ್ ಮಾಡಿ ನೋಡಿ. ಆಗ ಕೆಲಸ ಮಾಡಿದರೆ ಬದಲಿಸಬೇಕಾದದ್ದು ಕಾರ್ಟ್ರಿಡ್ಜ್ ಅಲ್ಲ, ಸಂದಿ.